ತಲೆಬರಹದಲ್ಲಿ ನುಡಿಗಟ್ಟು: ಇಂಗ್ಲಿಷ್ ಪತ್ರಿಕೆಗಳ ಬಳಕೆ

ನುಡಿಗಟ್ಟು, ಗಾದೆ, ಪ್ರಸಿದ್ಧ ಉಕ್ತಿಗಳನ್ನು ಇದ್ದಂತೆಯೇ ಎತ್ತಿಕೊಳ್ಳುವುದು, ಇಲ್ಲವೇ ಒಂದೆರಡು ಪದ ಬದಲಿಸಿ ಸುದ್ದಿಗೆ ಹೊಂದಿಸಿಕೊಳ್ಳುವುದು ಇಂಗ್ಲಿಷ್ ಪತ್ರಿಕೆಗಳ ತಲೆಬರಹಗಳಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಲಂಡನ್ನಿನ ಟ್ಯಾಬ್ಲಾಯ್ಡ್‌ಗಳು ಇದನ್ನು ಕಸುಬಾಗಿ ಬೆಳೆಸಿದವು, ನ್ಯೂಯಾರ್ಕಿನವು ಅದಕ್ಕೆ ಬೀದಿಯ ಒರಟುತನ ಬೆರೆಸಿದವು, ಭಾರತದ ಇಂಗ್ಲಿಷ್ ಪತ್ರಿಕೆಗಳು ದೇಶಭಾಷೆಗಳ ಒಗ್ಗರಣೆ ಹಾಕಿದವು. ಶಾಲೆಯಲ್ಲಿ ವ್ಯಾಕರಣ ಓದಿ ಇಂಗ್ಲಿಷ್ ಕಲಿತ ಕನ್ನಡಿಗರಿಗೆ ಎಷ್ಟೋ ಸಲ ಸುದ್ದಿ ಸಲೀಸಾಗಿ ಅರ್ಥವಾಗುತ್ತದೆ, ಅದರ ತಲೆಬರಹ ಆಗುವುದಿಲ್ಲ. ತಪ್ಪು ಅವರದಲ್ಲ. ಇಂಥ ತಲೆಬರಹದ ಅರ್ಧ ಮಾತ್ರ ಪುಟದಲ್ಲಿ ಅಚ್ಚಾಗಿರುತ್ತದೆ. ಉಳಿದರ್ಧ ಓದುಗರ ನೆನಪಿನಲ್ಲಿ ಇದ್ದೇ ಇದೆ ಎಂದು ಬರೆದವರು ನಂಬಿಕೊಂಡಿರುತ್ತಾರೆ.

ಜಾಗದ ಲೆಕ್ಕ

ತಲೆಬರಹ ಕೊಡುವವರು ವರದಿಗಾರರಲ್ಲ, ಡೆಸ್ಕಿನಲ್ಲಿ ಕೂತ ಉಪಸಂಪಾದಕರು. ಅಚ್ಚುಮೊಳೆಯ ಕಾಲದಲ್ಲಿ ಅವರು ಅಕ್ಷರ ಎಣಿಸಿ ಬರೆಯಬೇಕಿತ್ತು: ಸಾಮಾನ್ಯ ಅಕ್ಷರಕ್ಕೆ ಒಂದು, ಸಪೂರ ‘ಐ’, ‘ಎಲ್’ಗಳಿಗೆ ಅರ್ಧ, ದಪ್ಪ ‘ಎಂ’, ‘ಡಬ್ಲ್ಯೂ’ಗಳಿಗೆ ಒಂದೂವರೆ. ಮೊತ್ತ ಕಾಲಮ್ಮಿನ ಅಗಲ ಮೀರಿದರೆ ಆ ತಲೆಬರಹ ಎಷ್ಟೇ ಚೆನ್ನಾಗಿದ್ದರೂ ಕಸದಬುಟ್ಟಿಗೆ. ಈ ಇಕ್ಕಟ್ಟಿನಲ್ಲಿಯೇ ಇಂಗ್ಲಿಷಿನ ತಲೆಬರಹಕ್ಕೆ ಅದರದೇ ಪುಟ್ಟ ನಿಘಂಟು ಹುಟ್ಟಿತು. ತನಿಖೆಗೆ ‘ಪ್ರೋಬ್’, ಜಗಳಕ್ಕೆ ‘ರೋ’, ಪ್ರಯತ್ನಕ್ಕೆ ‘ಬಿಡ್’, ಕಡಿತಕ್ಕೆ ‘ಆಕ್ಸ್’, ಟೀಕೆಗೆ ‘ಸ್ಲ್ಯಾಮ್’. ಮನೆಯಲ್ಲಿ ಯಾರೂ ಹೀಗೆ ಮಾತನಾಡುವುದಿಲ್ಲ. 1935ರಲ್ಲಿ ಹೈನ್ರಿಚ್ ಸ್ಟ್ರೌಮನ್ ಎಂಬ ಸ್ವಿಸ್ ವಿದ್ವಾಂಸ ಪತ್ರಿಕಾ ತಲೆಬರಹಗಳ ಮೇಲೆ ಒಂದು ಪುಸ್ತಕವನ್ನೇ ಬರೆದು, ಈ ಬಗೆಯ ಭಾಷೆಯನ್ನು ‘ಬ್ಲಾಕ್ ಲ್ಯಾಂಗ್ವೇಜ್’ ಎಂದು ಕರೆದ. 1980ರಲ್ಲಿ ಇಂಗ್ರಿಡ್ ಮಾರ್ಡ್ ಮುಖಪುಟದ ತಲೆಬರಹಗಳ ವ್ಯಾಕರಣವನ್ನು ಪರಿಶೀಲಿಸಿದ ಪುಸ್ತಕಕ್ಕೆ ‘ಹೆಡ್‌ಲೈನೀಸ್’ ಎಂದೇ ಹೆಸರಿಟ್ಟಳು.

ನುಡಿಗಟ್ಟು ಈ ಇಕ್ಕಟ್ಟಿಗೆ ಹೇಳಿ ಮಾಡಿಸಿದ ಸರಕು. ಮೂರೇ ಪದ, ಅದರೊಳಗೆ ಒಂದು ಸನ್ನಿವೇಶ, ಒಂದು ದನಿ, ಒಂದು ನಿಲುವು. ಸರ್ಕಾರ ತೀರ್ಮಾನವನ್ನು ಮುಂದೂಡಿದೆ ಎಂದರೆ ಅದು ಬರೀ ಸುದ್ದಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದೆ ಎಂದರೆ ಸುದ್ದಿಯ ಜೊತೆಗೆ ಪತ್ರಿಕೆಯ ಅಭಿಪ್ರಾಯವೂ ಬಂತು. ಅದಕ್ಕೆ ಬೇರೆ ಸಂಪಾದಕೀಯ ಬೇಕಿಲ್ಲ.

ಮೊಟ್ಟೆ ಇಟ್ಟ ವಾಲ್ ಸ್ಟ್ರೀಟ್

ಇದ್ದ ನುಡಿಗಟ್ಟನ್ನು ಮುಟ್ಟದೆ, ಬೇರೊಂದು ಜಾಗದಲ್ಲಿ ಕೂರಿಸಿ ಗೆದ್ದ ತಲೆಬರಹಗಳಲ್ಲಿ ಹೆಸರುವಾಸಿಯಾದದ್ದು ‘ವಾಲ್ ಸ್ಟ್ರೀಟ್ ಲೇಸ್ ಆ್ಯನ್ ಎಗ್’. ಅಮೆರಿಕದ ಶೇರುಪೇಟೆ 1929ರ ಅಕ್ಟೋಬರ್ 29ರ ಮಂಗಳವಾರ ಕುಸಿಯಿತು. ಮರುದಿನ ‘ವೆರೈಟಿ’ ಪತ್ರಿಕೆ ಈ ತಲೆಬರಹ ಹೊತ್ತು ಬಂತು. ವೆರೈಟಿ ಅರ್ಥಶಾಸ್ತ್ರದ ಪತ್ರಿಕೆಯಲ್ಲ. 1905ರಲ್ಲಿ ಸೈಮ್ ಸಿಲ್ವರ್‌ಮನ್ ಆರಂಭಿಸಿದ, ನಾಟಕದವರ ಮತ್ತು ಸಿನಿಮಾದವರ ಪತ್ರಿಕೆ. ರಂಗಭೂಮಿಯ ಆಡುಮಾತಿನಲ್ಲಿ ಮೊಟ್ಟೆ ಇಡುವುದು ಎಂದರೆ ಆಟ ಕೆಟ್ಟು ಪ್ರೇಕ್ಷಕರ ಮುಂದೆ ಮಾನ ಹೋಗುವುದು. ಲಕ್ಷಾಂತರ ಜನರ ಗಂಟು ಮುಳುಗಿಸಿದ ಶೇರುಪೇಟೆಯನ್ನು ಆ ಪತ್ರಿಕೆ ಒಂದು ಸೋತ ನಾಟಕ ಕಂಪನಿಯಂತೆ ನೋಡಿತು. ಹಾಸ್ಯ ಇರುವುದು ಅಲ್ಲಿ.

ಇದನ್ನು ಕನ್ನಡಕ್ಕೆ ಪದಕ್ಕೆ ಪದ ತಂದರೆ ಏನಾಗುತ್ತದೆ ನೋಡಿ. ನಮ್ಮ ವಾಣಿಜ್ಯ ಪುಟದಲ್ಲಿ ಮೊಟ್ಟೆ ಎಂದರೆ ಚಿನ್ನದ ಮೊಟ್ಟೆ, ಅಂದರೆ ಲಾಭ. ಶಾಲೆಯ ಮಾತಿನಲ್ಲಿ ಮೊಟ್ಟೆ ಎಂದರೆ ಪರೀಕ್ಷೆಯಲ್ಲಿ ಸಿಕ್ಕ ಸೊನ್ನೆ. ಹೀಗಾಗಿ ಅದೇ ತಲೆಬರಹವನ್ನು ಅಪ್ಪ ಒಂದು ರೀತಿ, ಮಗ ಇನ್ನೊಂದು ರೀತಿ ಓದಿಕೊಳ್ಳಬಹುದು. ಸೊನ್ನೆಯನ್ನು ಮೊಟ್ಟೆಯಾಗಿ ಕಾಣುವುದು ಇಂಗ್ಲಿಷರಿಗೂ ಹೊಸದಲ್ಲ. ಕ್ರಿಕೆಟ್ಟಿನ ‘ಡಕ್’ ಬಂದಿರುವುದು ಬಾತುಕೋಳಿ ಮೊಟ್ಟೆಯಿಂದಲೇ.

ಅದೇ ಪತ್ರಿಕೆಯ 1935ರ ಜುಲೈ 17ರ ‘ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್’ ಕೂಡ ಪಠ್ಯಪುಸ್ತಕಗಳಿಗೆ ಏರಿದೆ. ಹಳ್ಳಿಯ ಪ್ರೇಕ್ಷಕರು ಹಳ್ಳಿಯ ಸಿನಿಮಾಗಳನ್ನು ಒಲ್ಲೆ ಎಂದರು ಎಂಬುದು ತಾತ್ಪರ್ಯ. ಕಿವಿಗೆ ಮಜಾ, ಆದರೆ ಅದು ಪ್ರಾಸದ ಆಟ. ನುಡಿಗಟ್ಟಿನ ಕೆಲಸ ಅದರಲ್ಲಿ ಕಡಿಮೆ.

ಮುರಿಯುವ ಬಗೆ

ಎಲ್ಲ ನುಡಿಗಟ್ಟೂ ಮುರಿಯಲು ಬಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಗುಟ್ಟು ಬಿಟ್ಟುಕೊಡುವುದಕ್ಕೆ ‘ಸ್ಪಿಲ್ ದ ಬೀನ್ಸ್’, ಅಂದರೆ ಕಾಳು ಚೆಲ್ಲುವುದು, ಎನ್ನುತ್ತಾರೆ. ಇಲ್ಲಿ ಕಾಳೇ ಗುಟ್ಟು, ಚೆಲ್ಲುವುದೇ ಹೇಳುವುದು. ಒಂದೊಂದು ತುಂಡಿಗೂ ಒಂದೊಂದು ಅರ್ಥ ಇರುವುದರಿಂದ ಕಾಳಿನ ಜಾಗದಲ್ಲಿ ಬೇರೆ ವಸ್ತು ಇಟ್ಟರೂ ನಡೆಯುತ್ತದೆ. ಸಾಯುವುದಕ್ಕೆ ‘ಕಿಕ್ ದ ಬಕೆಟ್’, ಬಕೆಟ್ ಒದೆಯುವುದು, ಎನ್ನುವುದು ಹಾಗಲ್ಲ. ಅಲ್ಲಿ ಬಕೆಟ್ ಎಂದರೆ ಏನೂ ಅಲ್ಲ. ನಮ್ಮ ‘ಗೊಟಕ್ ಅಂದ’ ಎಂಬುದನ್ನು ಬಿಡಿಸಿ ನೋಡಿದರೆ ಒಳಗೆ ಏನೂ ಸಿಗದ ಹಾಗೆಯೇ ಅದು. 1994ರಲ್ಲಿ ಜೆಫ್ರಿ ನನ್‌ಬರ್ಗ್, ಐವನ್ ಸ್ಯಾಗ್, ಥಾಮಸ್ ವಾಸೊ ಎಂಬ ಮೂವರು ಭಾಷಾವಿಜ್ಞಾನಿಗಳು ಬರೆದ ಪ್ರಬಂಧ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ಡೆಸ್ಕಿನವರು ಅದನ್ನು ಓದದೆಯೇ ಬಲ್ಲರು: ಸಡಿಲವಾಗಿ ಹೆಣೆದದ್ದನ್ನೇ ಅವರು ಬಿಚ್ಚುವುದು.

ಎಲ್ಲಿ ಮುರಿಯಬೇಕು ಎಂಬುದಕ್ಕೂ ಒಂದು ಹದ ಉಂಟು. ಇಟಲಿಯ ಕ್ರಿಸ್ಟಿನಾ ಕ್ಯಾಚಾರಿ ಮತ್ತು ಪ್ಯಾಟ್ರಿಜಿಯಾ ಟಬೊಸ್ಸಿ 1988ರಲ್ಲಿ ಮಂಡಿಸಿದ ವಾದದ ಪ್ರಕಾರ, ಪ್ರತಿ ನುಡಿಗಟ್ಟಿನಲ್ಲೂ ಒಂದು ಕೀಲಿ ಇರುತ್ತದೆ. ಆ ಪದದವರೆಗೆ ನಾವು ಮಾತನ್ನು ಸಾಮಾನ್ಯ ಅರ್ಥದಲ್ಲಿ ಓದುತ್ತೇವೆ. ಕೀಲಿ ಸಿಕ್ಕಿದ ಕೂಡಲೇ ಇಡೀ ನುಡಿಗಟ್ಟು ಮನಸ್ಸಿಗೆ ಬಂದುಬಿಡುತ್ತದೆ. ಕನ್ನಡದಲ್ಲಿ ‘ಅಂಗೈ ಹುಣ್ಣಿಗೆ’ ಅಂದರೆ ಸಾಕು, ಕನ್ನಡಿ ತಾನಾಗಿ ಬರುತ್ತದೆ. ‘ಕೈ ಕೆಸರಾದರೆ’ ಅಂದರೆ ಬಾಯಿ ಮೊಸರಾಗಲೇಬೇಕು. ಹೀಗಾಗಿ ಮೊದಲರ್ಧವನ್ನು ಹಾಗೇ ಉಳಿಸಿ, ಓದುಗರು ಬಾಯಿಬಿಟ್ಟು ಕಾಯುತ್ತಿರುವ ಕೊನೆಯ ಪದವನ್ನು ಬದಲಿಸುವುದೇ ಹೆಚ್ಚಿನ ತಲೆಬರಹಗಳ ತಂತ್ರ. ತಲೆಯನ್ನೇ ಬದಲಿಸಿ ಬಾಲ ಉಳಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ.

ಪದ ಬದಲಿಸದೆ, ಸತ್ತ ಅರ್ಥಕ್ಕೆ ಜೀವ ತರುವುದು ಇನ್ನೊಂದು ದಾರಿ. ಬೀರ್ ಕಾರ್ಖಾನೆಯಲ್ಲಿ ಮುಷ್ಕರವಾದರೆ ‘ಟ್ರಬಲ್ ಬ್ರೂಯಿಂಗ್’, ವಿಮಾನ ಕಂಪನಿ ಲಾಭ ಮಾಡಿದರೆ ‘ಟೇಕ್ಸ್ ಆಫ್’. ಈರುಳ್ಳಿ ದರ ಏರಿದಾಗಲೆಲ್ಲ ಭಾರತದ ಇಂಗ್ಲಿಷ್ ಪತ್ರಿಕೆಗಳೂ ಕನ್ನಡ ಪತ್ರಿಕೆಗಳೂ ಒಟ್ಟಿಗೆ ಕಣ್ಣೀರು ಹಾಕುತ್ತವೆ. ಮೊದಲ ಸಲ ಯಾರೋ ಬರೆದಾಗ ಅದು ಚೆನ್ನಾಗಿದ್ದಿರಬೇಕು. ಈಗ ಅದನ್ನು ಕೊಡುವವರು ಪುಟ ಬಿಡುವ ಅವಸರದಲ್ಲಿದ್ದರು ಎಂದಷ್ಟೇ ತಿಳಿಯಬಹುದು.

ನುಡಿಗಟ್ಟಿನ ಶುದ್ಧ ರೂಪ ಎಂದು ಒಂದಿದೆ, ಪತ್ರಿಕೆಗಳು ಅದನ್ನು ಕೆಡಿಸುತ್ತವೆ ಎಂಬ ಮಡಿವಂತಿಕೆಗೆ ಆಧಾರ ಕಡಿಮೆ. ರೋಸಮಂಡ್ ಮೂನ್ 1.8 ಕೋಟಿ ಪದಗಳ ಇಂಗ್ಲಿಷ್ ಪಠ್ಯರಾಶಿಯನ್ನು ಜಾಲಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಥಿರ ನುಡಿಗಟ್ಟುಗಳಲ್ಲಿ ಸುಮಾರು ಶೇ 40ರಷ್ಟಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳಿರುವುದು ಕಂಡಿತು. ಗಾದೆಗಳನ್ನು ಬೇಕೆಂದೇ ತಿರುಚುವ ಪರಿಪಾಠಕ್ಕೆ ವುಲ್ಫ್‌ಗಾಂಗ್ ಮೀಡರ್ ಅದಕ್ಕೂ ಮೊದಲೇ, 1982ರಲ್ಲಿ, ‘ಪ್ರತಿಗಾದೆ’ ಎಂಬ ಅರ್ಥದ ಜರ್ಮನ್ ಪದ ಟಂಕಿಸಿದ್ದ.

ಒಂದು ಫುಟ್‌ಬಾಲ್ ಪಂದ್ಯ

2000ದ ಫೆಬ್ರುವರಿ 8ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಇನ್ವರ್ನೆಸ್ ಕ್ಯಾಲೆಡೋನಿಯನ್ ಥಿಸಲ್ ಎಂಬ ಸಣ್ಣ ತಂಡ ಗ್ಲಾಸ್ಗೊದ ದೈತ್ಯ ಸೆಲ್ಟಿಕ್ ತಂಡವನ್ನು ಅದರದೇ ಮೈದಾನದಲ್ಲಿ 3–1ರಿಂದ ಸೋಲಿಸಿತು. ಗೆದ್ದ ತಂಡ ಹುಟ್ಟಿದ್ದೇ 1994ರಲ್ಲಿ. ‘ದ ಸನ್’ ಕೊಟ್ಟ ತಲೆಬರಹ: ‘ಸೂಪರ್ ಕ್ಯಾಲಿ ಗೋ ಬ್ಯಾಲಿಸ್ಟಿಕ್, ಸೆಲ್ಟಿಕ್ ಆರ್ ಅಟ್ರೋಷಸ್’. 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ 34 ಅಕ್ಷರಗಳ ಒಂದು ಅರ್ಥವಿಲ್ಲದ ಪದವಿದೆ, ‘ಸೂಪರ್‌ಕ್ಯಾಲಿಫ್ರ್ಯಾಜಿಲಿಸ್ಟಿಕ್’ ಎಂದು ಆರಂಭವಾಗಿ ‘ಡೋಷಸ್’ ಎಂದು ಮುಗಿಯುವ ಪದ. ಬ್ರಿಟನ್ನಿನ ಮಕ್ಕಳಿಗೆಲ್ಲ ಬಾಯಿಪಾಠ. ತಲೆಬರಹದ ಲಯ, ಒತ್ತು, ಪ್ರಾಸ ಎಲ್ಲವೂ ಆ ಪದದ್ದೇ.

ಕುಶಲತೆ ಇರುವುದು ಇಷ್ಟೆಲ್ಲ ಕಸರತ್ತಿನ ನಡುವೆಯೂ ಸುದ್ದಿ ಕೈಬಿಟ್ಟುಹೋಗದಿರುವುದರಲ್ಲಿ. ಯಾರು ಗೆದ್ದರು, ಹೇಗೆ ಆಡಿದರು, ಸೋತವರು ಎಷ್ಟು ಕಳಪೆ, ಮೂರೂ ಅದರಲ್ಲಿವೆ. ನಡುವೆ ಒಂದು ನುಡಿಗಟ್ಟೂ ಉಂಟು: ‘ಗೋ ಬ್ಯಾಲಿಸ್ಟಿಕ್’, ಕ್ಷಿಪಣಿಯ ಲೋಕದಿಂದ ಬಂದು ಸಿಟ್ಟು ನೆತ್ತಿಗೇರುವುದಕ್ಕೆ ನಿಂತ ಮಾತು. ಇಲ್ಲಿ ಅದು ಸಿಟ್ಟನ್ನು ಬಿಟ್ಟು ಅಬ್ಬರದ ಆಟವನ್ನು ಸೂಚಿಸುತ್ತದೆ. ತಲೆಬರಹ ಕೊಡುವವರ ಬಳಗದಲ್ಲಿ ಈ ಸಾಲಿಗೆ ಈಗಲೂ ಮರ್ಯಾದೆ ಇದೆ. ಅದು ಸಲ್ಲತಕ್ಕದ್ದೇ.

ಅರ್ಥ ತಿರುಗಿದ ಮಾತುಗಳು

1978–79ರ ಚಳಿಗಾಲದಲ್ಲಿ ಬ್ರಿಟನ್ನಿನಲ್ಲಿ ಮುಷ್ಕರಗಳ ಸರಣಿ. ಕಸ ಬೀದಿಯಲ್ಲಿ ರಾಶಿಬಿತ್ತು, ಲಿವರ್‌ಪೂಲಿನಲ್ಲಿ ಹೆಣ ಹೂಳುವವರೂ ಕೆಲಸ ನಿಲ್ಲಿಸಿದರು. ಪತ್ರಿಕೆಗಳು ಆ ಕಾಲಕ್ಕೆ ‘ವಿಂಟರ್ ಆಫ್ ಡಿಸ್ಕಂಟೆಂಟ್’, ಅಸಮಾಧಾನದ ಚಳಿಗಾಲ, ಎಂಬ ಹೆಸರು ಅಂಟಿಸಿದವು. ಇದು ಶೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದ ಮೊಟ್ಟಮೊದಲ ಮಾತಿನಿಂದ ಕತ್ತರಿಸಿದ ತುಂಡು. ನಾಟಕದಲ್ಲಿ ರಿಚರ್ಡ್ ಹೇಳುವುದು ಆ ಚಳಿಗಾಲ ಕಳೆದು ಬೇಸಿಗೆ ಬಂತು ಎಂದು. ಕತ್ತರಿ ಬಿದ್ದ ಮೇಲೆ ಬೇಸಿಗೆ ಹೋಯಿತು, ಚಳಿಗಾಲ ಮಾತ್ರ ಉಳಿಯಿತು. ಇಂದು ಆ ಪದಪುಂಜ ಬಳಸುವ ಹತ್ತರಲ್ಲಿ ಒಂಬತ್ತು ಮಂದಿ ನಾಟಕ ಓದಿದವರಲ್ಲ, 1979ರ ನೆನಪುಳ್ಳವರೂ ಅಲ್ಲ ಎಂದು ಧಾರಾಳವಾಗಿ ಊಹಿಸಬಹುದು.

ಅದೇ ಚಳಿಗಾಲದ ಇನ್ನೊಂದು ಕೊಡುಗೆ ‘ಕ್ರೈಸಿಸ್? ವಾಟ್ ಕ್ರೈಸಿಸ್?’. ಪ್ರಧಾನಿ ಜೇಮ್ಸ್ ಕ್ಯಾಲಹನ್ ಗ್ವಾಡೆಲೂಪ್ ದ್ವೀಪದ ಶೃಂಗಸಭೆ ಮುಗಿಸಿ 1979ರ ಜನವರಿ 10ರಂದು ಮರಳಿದರು. ವಿಮಾನ ನಿಲ್ದಾಣದಲ್ಲಿ ವರದಿಗಾರರ ಪ್ರಶ್ನೆಗೆ, ದೇಶದಲ್ಲಿ ಅಷ್ಟೇನೂ ಗೊಂದಲವಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಮರುದಿನದ ‘ಸನ್’ ಅದನ್ನು ಮೂರು ಪದಕ್ಕೆ ಇಳಿಸಿತು. ಕ್ಯಾಲಹನ್ ಆ ಮೂರು ಪದಗಳನ್ನು ಆಡಿರಲೇ ಇಲ್ಲ. ಆದರೆ ಅವರ ಹೆಸರಿನೊಂದಿಗೆ ಇಂದಿಗೂ ನಿಂತಿರುವುದು ಅದೇ. ನ್ಯೂಯಾರ್ಕಿನ ‘ಡೇಲಿ ನ್ಯೂಸ್’ 1975ರ ಅಕ್ಟೋಬರ್ 30ರಂದು ಮಾಡಿದ್ದೂ ಇದನ್ನೇ. ದಿವಾಳಿಯಂಚಿನ ನಗರಕ್ಕೆ ಕೇಂದ್ರದ ನೆರವು ಕೊಡಲಾರೆ ಎಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಭಾಷಣ ಮಾಡಿದ್ದಕ್ಕೆ ಪತ್ರಿಕೆ ಕೊಟ್ಟ ಸಾರಾಂಶ ‘ಫೋರ್ಡ್ ಟು ಸಿಟಿ: ಡ್ರಾಪ್ ಡೆಡ್’. ‘ಹಾಳಾಗಿ ಹೋಗು’ ಎಂಬುದಕ್ಕೆ ಸಮನಾದ ಬೈಗುಳ ಅದು. ಫೋರ್ಡ್ ಹಾಗೆ ಅಂದಿರಲಿಲ್ಲ, ಕೆಲವೇ ವಾರಗಳಲ್ಲಿ ಸಾಲದ ಮಸೂದೆಗೆ ಸಹಿಯನ್ನೂ ಹಾಕಿದರು. ಮರುವರ್ಷದ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯ ಅವರ ಕೈತಪ್ಪಿತು. ನುಡಿಗಟ್ಟು ಸಾರಾಂಶದ ವೇಷ ಹಾಕಿ ಬಂದಾಗ ಅದನ್ನು ಅಲ್ಲಗಳೆಯುವುದು ಕಷ್ಟ.

1992ರ ಏಪ್ರಿಲ್ 9, ಬ್ರಿಟನ್ನಿನ ಮತದಾನದ ದಿನ. ಲೇಬರ್ ನಾಯಕ ನೀಲ್ ಕಿನಕ್ ಅವರ ಮುಖವನ್ನು ವಿದ್ಯುತ್ ಬಲ್ಬಿನೊಳಗೆ ಅಚ್ಚುಮಾಡಿದ ‘ಸನ್’, ಈತ ಗೆದ್ದರೆ ಬ್ರಿಟನ್ ಬಿಟ್ಟು ಹೊರಡುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಎಂದು ಕೇಳಿಕೊಂಡಿತು. ಮಾತು ಅದರ ಸ್ವಂತದ್ದಲ್ಲ. 1971ರಲ್ಲಿ ಬೋಯಿಂಗ್ ಕಾರ್ಖಾನೆ ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ, ಸಿಯಾಟಲ್ ನಗರದ ವಿಮಾನ ನಿಲ್ದಾಣದ ಬಳಿ ಇಬ್ಬರು ಮನೆ-ನಿವೇಶನ ದಲ್ಲಾಳಿಗಳು ತಮಾಷೆಗೆ ನಿಲ್ಲಿಸಿದ ಫಲಕದಲ್ಲಿ ಇದೇ ಕೋರಿಕೆ ಇತ್ತು. ಎರಡು ದಶಕ ಕಳೆದು, ಸಾಗರ ದಾಟಿ, ಊರಿನ ಹೆಸರು ಬದಲಾಗಿ ಅದು ಮುಖಪುಟ ಹತ್ತಿತು. ಇಂಗ್ಲಿಷಿನಲ್ಲಿ ಇದು ಕರೆಂಟು ಬಿಲ್ಲಿನ ಹಾಸ್ಯ. ಕನ್ನಡದಲ್ಲಿ ಹೀಗೆ ಬರೆದರೆ ಯಾರೂ ನಗುವುದಿಲ್ಲ. ದೀಪ ಆರಿಸು ಎನ್ನಲು ಬಾಯಿ ಬಾರದೆ ‘ದೀಪ ಶಾಂತ ಮಾಡು’ ಎನ್ನುವ ಮನೆಗಳು ನಮ್ಮಲ್ಲಿವೆ. ಮನೆಯ ದೀಪ ಆರಿತು ಎಂದರೆ ವಂಶವೇ ಮುಗಿಯಿತು ಎಂದು.

ಇವೆಲ್ಲಕ್ಕೂ ಒಂದು ಕರಾಳ ತುದಿ ಇದೆ. ಫಾಕ್‌ಲೆಂಡ್ ಯುದ್ಧದಲ್ಲಿ 1982ರ ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿ ಅರ್ಜೆಂಟೀನಾದ ‘ಜನರಲ್ ಬೆಲ್‌ಗ್ರಾನೊ’ ಹಡಗನ್ನು ಮುಳುಗಿಸಿತು. 4ರ ‘ಸನ್’ ಮೊದಲ ಆವೃತ್ತಿಯ ತಲೆಬರಹ ಒಂದೇ ಪದ: ‘ಗಾಚ’. ಮಕ್ಕಳು ಮುಟ್ಟಾಟದಲ್ಲಿ ‘ಸಿಕ್ಕಿಬಿದ್ದೆ’ ಎಂದು ಕೂಗುವ ಧಾಟಿಯ ಮಾತು. ಸಾವಿನ ಅಂದಾಜು ಬರುತ್ತಿದ್ದಂತೆ ನಂತರದ ಆವೃತ್ತಿಗಳಲ್ಲಿ ಅದನ್ನು ತೆಗೆದರು. ಸತ್ತವರು 323 ಮಂದಿ.

ಅಚ್ಚುಗಳು, ಬಾಲಗಳು

ಕೆಲವು ನುಡಿಗಟ್ಟುಗಳು ಎಷ್ಟು ಸಲ ಮುರಿದು ಜೋಡಣೆಯಾಗಿವೆ ಎಂದರೆ ಕೊನೆಗೆ ಉಳಿದಿರುವುದು ಖಾಲಿ ಅಚ್ಚು ಮಾತ್ರ. ಇಂತಿಂಥದ್ದು ಹೊಸ ಕಪ್ಪು, ನಲವತ್ತೇ ಹೊಸ ಮೂವತ್ತು ಎಂಬ ಮಾದರಿ ಅಂಥದ್ದು. ಇದರ ಪೂರ್ವಜನೆಂದು ಹಲವರು ತೋರಿಸುವುದು ಅಮೆರಿಕದ ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲಂಡ್ 1960ರ ದಶಕದಲ್ಲಿ ಆಡಿದ ಮಾತನ್ನು: ಗುಲಾಬಿಯೇ ಭಾರತದ ನೇವಿ ಬ್ಲೂ ಎಂದು. ಇಂಥ ಅಚ್ಚುಗಳಿಗೆ ಒಂದು ಹೆಸರು ಬೇಕು ಎಂದು ಭಾಷಾವಿಜ್ಞಾನಿ ಜೆಫ್ರಿ ಪುಲಮ್ 2003ರಲ್ಲಿ ಕೇಳಿದರು. 2004ರ ಜನವರಿಯಲ್ಲಿ ಗ್ಲೆನ್ ವಿಟ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಸೂಚಿಸಿದ ‘ಸ್ನೋಕ್ಲೋನ್’ ನಿಂತಿತು. ಎಸ್ಕಿಮೊಗಳಿಗೆ ಹಿಮಕ್ಕೆ ಅಷ್ಟು ಪದ, ಇಷ್ಟು ಪದ ಎಂದು ಪತ್ರಿಕೆಗಳು ಸವೆಸಿದ ಅಚ್ಚನ್ನೇ ಆ ಹೆಸರು ಕಿಚಾಯಿಸುತ್ತದೆ.

ಬರೀ ಬಾಲವೇ ನುಡಿಗಟ್ಟಾದ ಉದಾಹರಣೆ ‘ಗೇಟ್’. ವಾಟರ್‌ಗೇಟ್ ವಾಷಿಂಗ್ಟನ್ನಿನ ಒಂದು ಕಟ್ಟಡ ಸಮುಚ್ಚಯ. 1972ರ ಜೂನ್ 17ರಂದು ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದದ್ದು 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆಯವರೆಗೆ ಬೆಳೆಯಿತು. ನಿಕ್ಸನ್ನರಿಗೆ ಭಾಷಣ ಬರೆದುಕೊಟ್ಟು ಆಮೇಲೆ ಅಂಕಣಕಾರನಾದ ವಿಲಿಯಂ ಸಫೈರ್ ಕಂಡಕಂಡ ಹಗರಣಕ್ಕೆಲ್ಲ ಆ ಬಾಲ ಅಂಟಿಸಿದ. ಭಾರತದಲ್ಲಿ ಅದಕ್ಕೆ ಸಿಕ್ಕ ಅತ್ಯುತ್ತಮ ಜೋಡಿ 2012ರ ಕಲ್ಲಿದ್ದಲು ನಿಕ್ಷೇಪ ಹಂಚಿಕೆಯ ಪ್ರಕರಣ. ಬೊಕ್ಕಸಕ್ಕೆ ಬರಬಹುದಾಗಿದ್ದ 1.86 ಲಕ್ಷ ಕೋಟಿ ರೂಪಾಯಿ ಖಾಸಗಿಯವರ ಪಾಲಾಯಿತೆಂದು ಮಹಾಲೇಖಪಾಲರು ಅಂದಾಜಿಸಿದ ಅದು ಇಂಗ್ಲಿಷಿನಲ್ಲಿ ‘ಕೋಲ್‌ಗೇಟ್’ ಆಯಿತು. ಮಸಿ ಬಳಿದುಕೊಂಡ ಹಗರಣಕ್ಕೆ ಹಲ್ಲು ಬೆಳ್ಳಗೆ ಮಾಡುವ ಪೇಸ್ಟಿನ ಹೆಸರು! ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಬೇರೆ ಬೇರೆ. ಕನ್ನಡ ಲಿಪಿಯಲ್ಲಿ ಆ ಭೇದವೂ ಅಳಿಸಿಹೋಗಿ, ಹಗರಣವೂ ಪೇಸ್ಟೂ ಒಂದೇ ಆಗಿಬಿಟ್ಟವು.

ನಮ್ಮ ಊರೂ ಈ ಸಾಲಿಗೆ ಸೇರಿದೆ. 2000ದ ದಶಕದಲ್ಲಿ ಅಮೆರಿಕದ ಕೆಲಸಗಳು ಹೊರಗುತ್ತಿಗೆಯಲ್ಲಿ ಭಾರತಕ್ಕೆ ಬರತೊಡಗಿದಾಗ, ಹಾಗೆ ಕೆಲಸ ಕಳೆದುಕೊಂಡವರನ್ನು ಅಲ್ಲಿ ‘ಬ್ಯಾಂಗಲೋರ್ಡ್’ ಎಂದರು. 2014ರ ನವೆಂಬರ್ 1ರಂದು ನಗರ ಅಧಿಕೃತವಾಗಿ ಬೆಂಗಳೂರು ಆಯಿತು, ಆ ಕ್ರಿಯಾಪದ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು.

ತೆರೆಯ ಮೇಲೆ

ಹುಡುಕುತಾಣಗಳು ಈ ಕಸುಬಿಗೆ ಹೊಡೆತ ಕೊಟ್ಟಿವೆ. ಯಂತ್ರಕ್ಕೆ ನೆನಪಿದೆ, ಹಾಸ್ಯ ಗೊತ್ತಿಲ್ಲ. ಸೆಲ್ಟಿಕ್ ಸೋಲನ್ನು ಹುಡುಕುವವರು ಟೈಪ್ ಮಾಡುವುದು ಸೆಲ್ಟಿಕ್ ಮತ್ತು ಸೋಲು ಎಂಬ ಪದಗಳನ್ನು. 2006ರ ಏಪ್ರಿಲ್‌ನಲ್ಲೇ ‘ನ್ಯೂಯಾರ್ಕ್ ಟೈಮ್ಸ್’ ಈ ಬದಲಾವಣೆಯ ಮೇಲೆ ಒಂದು ಲೇಖನ ಪ್ರಕಟಿಸಿ, ಈ ನೀರಸ ತಲೆಬರಹ ಗೂಗಲ್‌ಗಾಗಿ ಬರೆದದ್ದು ಎಂಬ ಅರ್ಥದ ತಲೆಬರಹವನ್ನೇ ಅದಕ್ಕೆ ಕೊಟ್ಟಿತು. ಈಗ ಅನೇಕ ಪತ್ರಿಕೆಗಳಲ್ಲಿ ಒಂದೇ ಸುದ್ದಿಗೆ ಎರಡು ತಲೆಬರಹ: ಕಾಗದಕ್ಕೆ ಚಮತ್ಕಾರದ್ದು, ತೆರೆಗೆ ಹೆಸರು-ಊರು ತುಂಬಿದ್ದು.

ಕನ್ನಡದ ಡೆಸ್ಕಿನಲ್ಲಿ

ಕನ್ನಡ ಪತ್ರಿಕೆಗಳಿಗೆ ಈ ವಿದ್ಯೆ ಇಂಗ್ಲಿಷಿನಿಂದಲೇ ಬರಬೇಕಿರಲಿಲ್ಲ. ಶ್ಲೇಷೆ ನಮ್ಮಲ್ಲಿ ಅಲಂಕಾರಶಾಸ್ತ್ರದಷ್ಟು ಹಳೆಯದು. 2000ದ ನಂತರ ‘ವಿಜಯ ಕರ್ನಾಟಕ’ ಪದಚಮತ್ಕಾರದ ತಲೆಬರಹವನ್ನು ದಿನನಿತ್ಯದ ತಿಂಡಿಯಾಗಿಸಿತು, ಉಳಿದವರೂ ಪಂಕ್ತಿಗೆ ಕೂತರು. ಆದರೆ ಕನ್ನಡದ ಡೆಸ್ಕಿಗೆ ದೊಡ್ಡ ವರ ಕೊಟ್ಟದ್ದು ಚುನಾವಣಾ ಆಯೋಗ. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಕೈ ಗುರುತು ಬಂತು. ಕನ್ನಡದಲ್ಲಿ ಕೈಯಷ್ಟು ನುಡಿಗಟ್ಟು ಹುಟ್ಟಿಸಿದ ಅಂಗ ಇನ್ನೊಂದಿಲ್ಲ: ಕೈಕೊಡು, ಕೈಹಿಡಿ, ಕೈಬಿಡು, ಕೈಚೆಲ್ಲು, ಕೈತಪ್ಪು, ಕೈಮೀರು, ಕೈಯಾಡಿಸು. ‘ಕೈ’ಗೆ ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಕೆಲಸ ಮುಗಿಯಿತು. ಪಕ್ಷ ಬಿಟ್ಟ ಶಾಸಕ ‘ಕೈ’ ಕೊಟ್ಟವನು, ಮತದಾರರು ಒಲಿದರೆ ‘ಕೈ’ ಹಿಡಿದವರು. ಇಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕಮಲ ಅರಳುತ್ತದೆ, ಮುದುಡುತ್ತದೆ, ಅಷ್ಟೇ. ಅದಕ್ಕೆ ನುಡಿಗಟ್ಟಿನ ಬಡತನ.

ಇಂಗ್ಲಿಷ್ ಏಜೆನ್ಸಿ ಸುದ್ದಿಯನ್ನು ರಾತ್ರಿಪಾಳಿಯಲ್ಲಿ ಅನುವಾದಿಸುತ್ತ ಬಂದ ನುಡಿಗಟ್ಟುಗಳ ಕಥೆ ಬೇರೆ. ಕೆಲವು ಬೇರೂರಿವೆ. ಶಾಸಕರ ಖರೀದಿಗೆ ‘ಕುದುರೆ ವ್ಯಾಪಾರ’ ಎಂದರೆ ಇಂದು ಹಳ್ಳಿಯ ಕಟ್ಟೆಯಲ್ಲೂ ವಿವರಣೆ ಬೇಡ. ‘ಹಸಿರು ನಿಶಾನೆ’, ‘ತೂಗುಗತ್ತಿ’ ನಮ್ಮವೇ ಆಗಿವೆ. ಡಮೊಕ್ಲಿಸ್ ಯಾರೆಂದು ಯಾರೂ ಕೇಳುವುದಿಲ್ಲ. ‘ಮಂಜುಗಡ್ಡೆಯ ತುದಿ’ ಮಾತ್ರ ಎಷ್ಟು ವರ್ಷವಾದರೂ ಕರಗಿ ಬೆರೆತಿಲ್ಲ. ಅದರ ಅರ್ಥ ತಿಳಿಯಲು ಮೊದಲು ಇಂಗ್ಲಿಷಿಗೆ ಹೋಗಿ ಬರಬೇಕು.

ಎಲ್ಲಕ್ಕಿಂತ ಕುತೂಹಲದ್ದು ಚೆಂಡಿನ ಪ್ರಯಾಣ. ಇಂಗ್ಲಿಷಿನಲ್ಲಿ ‘ಬಾಲ್ ಇಸ್ ಇನ್ ಯುವರ್ ಕೋರ್ಟ್’ ಎಂದರೆ ಟೆನಿಸ್ ಅಂಕಣ. ಚೆಂಡು ನಿನ್ನತ್ತ ಬಂದಿದೆ, ಈಗ ಹೊಡೆಯುವ ಸರದಿ ನಿನ್ನದು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ‘ಕೋರ್ಟ್’ ಪದದ ಎರಡೂ ಅರ್ಥ ಬಿಟ್ಟಿಯಾಗಿ ಸಿಗುತ್ತವೆ. ಕನ್ನಡದಲ್ಲಿ ಯಾರೋ ಅದನ್ನು ‘ಅಂಗಳ’ ಮಾಡಿದರು. ಆ ಹೊತ್ತಿಗೆ ಶ್ಲೇಷೆ ಹೋಯಿತು. ಆದರೆ ‘ಚೆಂಡು ಸುಪ್ರೀಂ ಕೋರ್ಟ್ ಅಂಗಳಕ್ಕೆ’, ‘ಚೆಂಡು ಸ್ಪೀಕರ್ ಅಂಗಳದಲ್ಲಿ’ ಎಂದು ಓದುವಾಗ ನಮ್ಮ ಕಣ್ಣಿಗೆ ಬರುವುದು ಬಲೆ ಕಟ್ಟಿದ ಅಂಕಣವಲ್ಲ, ರಂಗೋಲಿ ಹಾಕಿದ ಪಕ್ಕದ ಮನೆಯ ಅಂಗಳ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಚೆಂಡು ಅಲ್ಲಿ ಬಿದ್ದಿದೆ, ಹುಡುಗರು ಗೇಟಿನಾಚೆ ನಿಂತಿದ್ದಾರೆ. ಕೊಡುವುದು, ಬಿಡುವುದು ಆ ಮನೆಯ ಅಜ್ಜಿಗೆ ಸೇರಿದ್ದು. ಈ ಅರ್ಥ ಇಂಗ್ಲಿಷಿನಲ್ಲಿ ಇಲ್ಲ.